ಒಂಟಿ ನಳಿಗೆಗೆ 1,995 ರೂಪಾಯಿ

ಅಪ್ಪನ ಹೆಗಲ ಮೇಲೆ ಸದಾ ಒಂದು ಟವೆಲ್ ಇರುತ್ತಿತ್ತು. ಬೆವರು ಒರೆಸಿಕೊಳ್ಳುವುದು, ಕೂರುವ ಕಲ್ಲಿನ ಧೂಳು ಕೊಡವುವುದು, ಸಂತೆಯಿಂದ ಮೆಣಸಿನಕಾಯಿ ಕಟ್ಟಿ ತರುವುದು ಎಲ್ಲ ಅದರಲ್ಲೇ. ಅದರ ಮುಖ್ಯ ಕೆಲಸ ಮಾತ್ರ ವರ್ಷಕ್ಕೊಂದು ಸಲ, ರಾಮನಾಥಪುರದ ಷಷ್ಠಿ ಜಾತ್ರೆಯಲ್ಲಿ. ಎತ್ತು ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು ಕೈಗಳ ಮೇಲೆ ಟವೆಲ್ ಹೊದಿಸಿಕೊಳ್ಳುತ್ತಾರೆ. ಒಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಎರಡು ಬೆರಳು ಹಿಡಿದರೆ ಎರಡು, ಐದೂ ಸೇರಿಸಿ ಹಿಡಿದರೆ ಐದು. ಅದು ನೂರೋ ಸಾವಿರವೋ ಎನ್ನುವುದು ಎತ್ತನ್ನು ನೋಡಿದ ಕೂಡಲೇ ಇಬ್ಬರಿಗೂ ಗೊತ್ತು. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಅಲುಗಾಟ, ಎರಡು ಮುಖ, ಅಷ್ಟೆ. ಮೂರನೆಯವನ ಕಿವಿಗೆ ರೇಟು ಬೀಳಬಾರದು. ಬಿದ್ದರೆ ವ್ಯಾಪಾರ ಕೆಟ್ಟಂತೆ.

ಅಪ್ಪ ಆ ಕೆಲಸದಲ್ಲಿ ಪಳಗಿದವನು. ಎತ್ತು ಕೊಳ್ಳಲು ಹೊರಟ ನೆಂಟರು ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಜಾತ್ರೆಯಿಂದ ಬಂದ ರಾತ್ರಿ ಅವ್ವನಿಗೂ ಅವನು ರೇಟನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಒಳಗೆ ಅಜ್ಜಿ ಮಲಗಿರುತ್ತಿದ್ದಳು, ಸಾಲ ಮಾಡಿದ ಮಾತು ಅವಳ ಕಿವಿಗೆ ಬೀಳಬಾರದು. ಊಟ ಆದ ಮೇಲೆ ಜಗಲಿಯಲ್ಲಿ ಕೂತು, ಟವೆಲ್ ಹಾಕಿಕೊಂಡು, ಅವ್ವನ ಬೆರಳು ಹಿಡಿದು ಹೇಳುತ್ತಿದ್ದ. ಅವ್ವ ಒಂದೊಂದು ಸಲ ಕೈ ಕಿತ್ತುಕೊಂಡು "ಅಷ್ಟೊಂದಾ?" ಅನ್ನುತ್ತಿದ್ದಳು. ನಾವು ಮೂರು ಜನ ಹೆಣ್ಣುಮಕ್ಕಳು ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದೆವು. ಎಷ್ಟು ಎಂದು ಒಂದು ದಿನವೂ ತಿಳಿಯಲಿಲ್ಲ.

1988ರಲ್ಲಿ ಅಪ್ಪ ಒಂದು ಕೋವಿ ಕೊಂಡ. ಎತ್ತು ಕೊಂಡ ಹಾಗೆ ಅದನ್ನು ಕೊಳ್ಳಲು ಆಗಲಿಲ್ಲ.

ನಮ್ಮೂರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಗಿದೆ. ಇನ್ನಷ್ಟು ಪಶ್ಚಿಮಕ್ಕೆ ಹೋದರೆ ಕೊಡಗಿನ ಕೊಡ್ಲಿಪೇಟೆ, ಶನಿವಾರಸಂತೆ. ಮುಂಗಾರಿಗೆ ಆಲೂಗಡ್ಡೆ, ಗದ್ದೆಯಲ್ಲಿ ಭತ್ತ, ಮೇಲಿನ ಹೊಲದಲ್ಲಿ ರಾಗಿ, ಒಂದಷ್ಟು ಹೊಗೆಸೊಪ್ಪು. ಜಲಂಧರ್‌ನಿಂದ ಬರುವ ಬಿತ್ತನೆ ಆಲೂಗಡ್ಡೆಗಾಗಿ ಹಾಸನದ ಮಾರುಕಟ್ಟೆಯಲ್ಲಿ ಕಾದು, ಅವರು ಹೇಳಿದ ಬೆಲೆ ಕೊಟ್ಟು, ಗಾಡಿಯಲ್ಲಿ ತಂದು ಬಿತ್ತಿದರೆ, ಗಡ್ಡೆ ಕೂರುವ ಹೊತ್ತಿಗೆ ಹಂದಿ ಬರುತ್ತಿತ್ತು. ಹಂದಿ ತಿನ್ನುವುದಕ್ಕಿಂತ ಕೆಡಿಸುವುದು ಹೆಚ್ಚು. ಬೆಳಗ್ಗೆ ಹೋಗಿ ನೋಡಿದರೆ ಸಾಲಿಗೆ ಸಾಲೇ ನೇಗಿಲು ಹೊಡೆದ ಹಾಗೆ. ಅರ್ಧ ಕಚ್ಚಿ ಬಿಟ್ಟ ಗಡ್ಡೆಯ ಮೇಲೆ ಹಲ್ಲಿನ ಗುರುತು ಇನ್ನೂ ಹಸಿಯಾಗಿರುತ್ತಿತ್ತು. ತಮಟೆ ಬಡಿದೆವು, ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಕೂಗು ಹಾಕಿದೆವು, ಬೇಲಿಯುದ್ದಕ್ಕೂ ಹಳೇ ಸೀರೆ ಕಟ್ಟಿದೆವು. ನಾಲ್ಕು ದಿನ ಹೆದರಿ ಐದನೇ ದಿನ ಮತ್ತೆ ಬಂದವು.

ಗಡಿಯ ಆಚೆ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದೆ. ಕೈಲ್ ಮುಹೂರ್ತದ ದಿನ ಮನೆಮನೆಯಲ್ಲೂ ಕೋವಿಗೆ ಹೂ ಮುಡಿಸುವುದನ್ನು ಅಪ್ಪ ಅಲ್ಲಿಯ ಸ್ನೇಹಿತರ ಮನೆಯಲ್ಲಿ ಕಂಡಿದ್ದ. ಈಚೆಗಿನ ನಮಗೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ 13ನೇ ಸೆಕ್ಷನ್ನಿನಲ್ಲಿ ಬೆಳೆ ಕಾಯುವ ರೈತನಿಗೂ ಒಂದು ಜಾಗ ಇದೆ. ಬಾಯಿಂದ ಮದ್ದು ಜಡಿದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬಹುದು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು. ನಮ್ಮ ಕಡೆ ಮೊದಲನೆಯದಕ್ಕೆ ಕೇಪಿನ ಕೋವಿ, ಎರಡನೆಯದಕ್ಕೆ ತೋಟಾ ಕೋವಿ ಅನ್ನುತ್ತಾರೆ. ಮಳೆಗಾಲದ ರಾತ್ರಿಯಲ್ಲಿ ಮದ್ದು ನೆನೆದರೆ ಕೇಪಿನ ಕೋವಿ ಬರೀ ದೊಣ್ಣೆ. ಹಂದಿ ಬರುವುದು ಮಳೆಗಾಲದಲ್ಲೇ. ಅದನ್ನೇ ಅರ್ಜಿಯಲ್ಲಿ ಬರೆದು ಅಪ್ಪ ಹಾಸನದ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟ. ಪೊಲೀಸರು ಬಂದು ವಿಚಾರಿಸಿದರು, ಪಹಣಿ ಕೇಳಿದರು, ಹೊಲ ನೋಡಿದರು. ಎರಡು ವರ್ಷ ಆಯಿತು. ಆ ಎರಡು ವರ್ಷ ಅಪ್ಪ ಬೇಸರಪಟ್ಟುಕೊಂಡದ್ದನ್ನು ಕಂಡಿದ್ದೇನೆ, ಬೈದದ್ದನ್ನು ಕಂಡಿಲ್ಲ. "ಕೋವಿ ಕಣವ್ವ, ಕುಡುಗೋಲಲ್ಲ. ಕೇಳಲಿ ಬಿಡು" ಅನ್ನುತ್ತಿದ್ದ.

ಆ ವರ್ಷ ಗಣಪತಿ ಹಬ್ಬದ ಆಸುಪಾಸಿನಲ್ಲಿ ಲೈಸೆನ್ಸ್ ಬಂತು. ಅಪ್ಪನ ಫೋಟೋ ಅಂಟಿಸಿದ ಪುಸ್ತಕ. ಒಂಟಿ ನಳಿಗೆಯ 12 ಬೋರ್ ಕೋವಿ, ಒಂದು. ಇಷ್ಟರೊಳಗೆ ಕೊಳ್ಳಬೇಕು ಎಂದು ತೇದಿ ಹಾಕಿದ್ದರು. ಡಿಸೆಂಬರ್ ಕೊನೆ.

ಕೋವಿಗೆ ಎಷ್ಟಾಗುತ್ತದೆ ಎಂದು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದ್ದ ಎರಡು ಹಳೇ ಕೋವಿಗಳು ತಾತಂದಿರ ಕಾಲದವು. ಅಪ್ಪ ಹಾಸನಕ್ಕೆ ಹೋಗಿ ಒಂದು ಅಂಗಡಿಯಲ್ಲಿ ಕೇಳಿ ಬಂದ. 2,350 ರೂಪಾಯಿ. ಎಳೆದಾಡಲು ನೋಡಿದನಂತೆ. ಕೌಂಟರಿನಲ್ಲಿದ್ದವರು ಗೋಡೆ ಮೇಲಿನ ಬೋರ್ಡು ತೋರಿಸಿದರು, ಆಮೇಲೆ ಬಾಗಿಲು ಬಿಟ್ಟು ಆಚೆ ನಿಂತುಕೊಳ್ಳಲು ಹೇಳಿದರು. ಮನೆಗೆ ಬಂದು ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಬೆಲೆ ಹೆಚ್ಚಾಯಿತು ಎಂದಲ್ಲ. ಬೇಸಾಯದವನಿಗೆ ಮಾರುವಾಗಲೂ ಕೊಳ್ಳುವಾಗಲೂ ಇನ್ನೊಬ್ಬರು ಹೇಳಿದ್ದೇ ಬೆಲೆ. ಆಲೂಗಡ್ಡೆ ಚೀಲ ಇಳಿಸಿದ ಮೇಲೆ ಮಂಡಿಯವರು ಹೇಳಿದ್ದು, ಹೊಗೆಸೊಪ್ಪು ಬೇಲ್ ಇಟ್ಟ ಮೇಲೆ ಹರಾಜಿನಲ್ಲಿ ಕೂಗಿದ್ದು. ಎತ್ತಿನ ಜಾತ್ರೆಯೊಂದರಲ್ಲಿ ಅವನ ಬೆರಳಿಗೆ ಮಾತಿತ್ತು. ಕೋವಿ ಅಂಗಡಿಯಲ್ಲಿ ಟವೆಲ್ ಹಾಕಿ ಕೈ ಕೊಡುವವರು ಯಾರು?

ಮಾರನೆಯ ದಿನ ನನ್ನನ್ನು ಕೂರಿಸಿಕೊಂಡು, "ಕಾಗದ ಬರೀಬೇಕಲ್ಲವ್ವ" ಅಂದ. ನಾನು ಆಗ ಒಂಬತ್ತನೇ ಕ್ಲಾಸು. ಅಕ್ಷರ ದುಂಡಗಿದೆ ಎಂದು ಮೇಷ್ಟರು ನನ್ನ ಕೈಲೇ ಬೋರ್ಡಿನ ಮೇಲೆ ಸುಭಾಷಿತ ಬರೆಸುತ್ತಿದ್ದರು. 15 ಪೈಸೆಯ ಕಾರ್ಡುಗಳಲ್ಲಿ ನಾಲ್ಕು ಅಂಗಡಿಗಳಿಗೆ ಬರೆದೆ. ಮೈಸೂರಿನ ಎರಡು, ಮಡಿಕೇರಿಯ ಒಂದು, ಬೆಂಗಳೂರಿನ ಒಂದು. ನನಗೆ ಲೈಸೆನ್ಸ್ ಮಂಜೂರಾಗಿದೆ, ಒಂಟಿ ನಳಿಗೆ 12 ಬೋರ್ ಹೊಸ ಕೋವಿಗೆ ತೆರಿಗೆಯೂ ಸೇರಿ ತಮ್ಮ ದರ ಎಷ್ಟು, ದಯವಿಟ್ಟು ತಮ್ಮ ಅಂಗಡಿಯ ಹಾಳೆಯಲ್ಲೇ ಬರೆದು ಮೊಹರು ಹಾಕಿ ಕಳಿಸಬೇಕು ಎಂದು. ಹಾಳೆ, ಮೊಹರು ಎನ್ನುವುದು ಅಪ್ಪನದೇ ಯೋಚನೆ. "ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತದೆ" ಅಂದ. ಕಾರ್ಡಿನ ಕೆಳಗೆ ಅವನು ಹಾಕಿದ ರುಜು ಹೆಸರಿಗಿಂತ ಉದ್ದವಾಗಿ ಅಂಚಿನವರೆಗೂ ಹೋಯಿತು.

ಮೂರು ವಾರದಲ್ಲಿ ಎರಡು ಉತ್ತರ ಬಂದವು. ಒಂದರಲ್ಲಿ ಸರಕು ಇಲ್ಲ ಎಂದಿತ್ತು. ಮೈಸೂರಿನ ಒಂದು ಅಂಗಡಿಯಿಂದ ಮಾತ್ರ ಅಚ್ಚಾದ ಹಾಳೆಯಲ್ಲಿ, ನೇರಳೆ ಮೊಹರಿನೊಂದಿಗೆ, 2,100 ಎಂದು ಬಂತು.

ಆ ನಡುವೆ ಹಳೇ ಕೋವಿಗಳನ್ನೂ ನೋಡಿದ್ದಾಯಿತು. ಹೊಳೆನರಸೀಪುರದಲ್ಲಿ ನಮ್ಮ ಸೋದರಮಾವ ಇದ್ದ. ಹೇಮಾವತಿ ದಡದ ಹಳ್ಳಿಯವರೊಬ್ಬರು ವಯಸ್ಸಾಯಿತು ಎಂದು ತಮ್ಮ ಒಂಟಿ ನಳಿಗೆ ಮಾರುತ್ತಿದ್ದಾರೆ, 1,400ಕ್ಕೆ ಬರುತ್ತದೆ ಎಂದು ಹೇಳಿ ಕಳಿಸಿದ. ಅಪ್ಪ ಹೋಗಿ ನೋಡಿ ಬಂದ. ಮೇಲುನೋಟಕ್ಕೆ ಚೆನ್ನಾಗಿತ್ತು, ಮರಕ್ಕೆ ಎಣ್ಣೆ ಹಾಕಿ ತಿಕ್ಕಿದ್ದರು. ಚನ್ನರಾಯಪಟ್ಟಣದಲ್ಲಿ ದೊಡ್ಡಕ್ಕನ ಮಾವನವರ ಕಡೆಯವರೊಬ್ಬರ ಮನೆಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜೋಡಿ ನಳಿಗೆ ಇತ್ತು. ಅದನ್ನು ಅವರು ಬಟ್ಟೆ ಬಿಚ್ಚಿ ತೋರಿಸಿದಾಗ ಕೋವಿ ಹೀಗೂ ಇರುತ್ತದಾ ಅನ್ನಿಸಿತಂತೆ ಅಪ್ಪನಿಗೆ. ಬೀಗದ ತಗಡಿನ ಮೇಲೆ ಎಲೆ ಬಳ್ಳಿಯ ಕೆತ್ತನೆ, ಮಡಚಿದರೆ ಸದ್ದೇ ಇಲ್ಲದೆ ಕೂರುವ ಕೀಲು. ಅವರು ಹೇಳಿದ್ದು 6,500. ಆ ದಶಕದಲ್ಲಿ ವಿದೇಶಿ ಕೋವಿ ತರಿಸುವುದಕ್ಕೆ ಸರ್ಕಾರ ಕಡಿವಾಣ ಹಾಕಿತ್ತು, ಹಾಗಾಗಿ ಇದ್ದ ಹಳೆಯವಕ್ಕೆ ಬೆಲೆ ಏರುತ್ತಲೇ ಇತ್ತು. ತೆಂಗಿನ ತೋಟದ ಆ ಸೀಮೆಯಲ್ಲಿ ಅದು ಮನೆತನದ ಗುರುತು, ಹಂದಿ ಓಡಿಸುವುದಕ್ಕಲ್ಲ. ಅಪ್ಪನ ಲೈಸೆನ್ಸಿನಲ್ಲಿದ್ದದ್ದೂ ಒಂಟಿ ನಳಿಗೆ. ಕಾಫಿ ಕುಡಿದು ಕೈಮುಗಿದು ಬಂದ.

ದಸರಾ ರಜೆಯಲ್ಲಿ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದ. ಕೆ.ಆರ್. ನಗರದ ಮೇಲಿನ ಬಸ್ಸು. ಬಂದ ಕಾಗದದ ಅಂಗಡಿಯೇ ನಿಜವೋ ಅಲ್ಲವೋ ಎಂದು ಕಣ್ಣಾರೆ ನೋಡಬೇಕಿತ್ತು ಅವನಿಗೆ. ಚಿಕ್ಕ ಅಂಗಡಿ. ಗೋಡೆಗೆ ಒರಗಿಸಿದ ಕೋವಿಗಳ ಕುದುರೆಯ ಬಳೆಗಳಲ್ಲಿ ಒಂದೇ ಉದ್ದ ಸರಪಳಿ ತೂರಿಸಿ ಕೊನೆಗೆ ಬೀಗ ಹಾಕಿದ್ದರು, ಕೊಟ್ಟಿಗೆಯಲ್ಲಿ ದನ ಕಟ್ಟಿದ ಹಾಗೆ. ಕೂತಿದ್ದವರು ಕನ್ನಡಕದ ಮುದುಕರು. ಲೈಸೆನ್ಸ್ ಪೂರ್ತಿ ಓದಿದ ಮೇಲೆ ಸರಪಳಿ ಎಳೆದು ಒಂದನ್ನು ಬಿಡಿಸಿದರು. ಅಪ್ಪನ ಕೈಗೆ ಕೊಡುವ ಮೊದಲು ಮಡಚಿ, ನಳಿಗೆ ಖಾಲಿ ಇದೆ ಎಂದು ಅವನ ಕಣ್ಣಿಗೆ ತೋರಿಸಿದರು. ನನ್ನ ಕಣ್ಣಿಗೂ ತೋರಿಸಿದರು. "ಕೋವಿ ಕೊಡೋನೂ ನೋಡ್ಬೇಕು, ತಗೊಳ್ಳೋನೂ ನೋಡ್ಬೇಕು. ಪಕ್ಕದಲ್ಲಿ ಮಗು ಇದ್ರೆ ಅದಕ್ಕೂ ತೋರಿಸ್ಬೇಕು" ಅಂದರು.

ಅವತ್ತು ಅವರು ಹೇಳಿಕೊಟ್ಟದ್ದು ಇವತ್ತಿಗೂ ನನ್ನ ತಲೆಯಲ್ಲಿದೆ. ಒಂದು ಪೌಂಡ್ ಸೀಸದಲ್ಲಿ ಒಂದೇ ಸಮನಾದ ಹನ್ನೆರಡು ಗುಂಡು ಮಾಡಿದರೆ ಅಂಥ ಒಂದು ಗುಂಡಿನ ಅಗಲವೇ 12 ಬೋರ್. ಅದಕ್ಕೇ ಅಂಕಿ ಕಡಿಮೆಯಾದಷ್ಟೂ ನಳಿಗೆ ದಪ್ಪ. ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ನನ್ನನ್ನು ಹಿಂದಿನಿಂದ ನೋಡಲು ಹೇಳಿದರು. ಒಳಗೆ ಬೆಳ್ಳಿಯ ಬಾವಿ. ಒಂದರೊಳಗೊಂದು ಬಳೆ ಕೂಡಿಸಿದ ಹಾಗೆ ಬೆಳಕಿನ ಸುತ್ತುಗಳು, ಕೊನೆಯಲ್ಲಿ ಒಂದು ರೂಪಾಯಿಯಷ್ಟು ಬೀದಿ. "ಬಳೆ ದುಂಡಗಿದೆಯಾ, ಎಲ್ಲಾದ್ರೂ ಸೊಟ್ಟಗಿದೆಯಾ?" ದುಂಡಗಿದೆ ಅಂದೆ. "ಸೊಟ್ಟ ಇದ್ರೆ ನಳಿಗೆ ಬಗ್ಗಿದೆ ಅಂತ. ಕಪ್ಪು ಚುಕ್ಕೆ ಇದ್ರೆ ತುಕ್ಕು ತಿಂದಿದೆ ಅಂತ. ಅಂಥದು ಎಷ್ಟು ಸೋವಿಗೆ ಕೊಟ್ಟರೂ ತಗೋಬೇಡಿ, ಮುಖದ ಪಕ್ಕ ಸಿಡಿಯೋ ವಸ್ತು ಅದು."

ಅಪ್ಪ ನನ್ನ ಮುಖ ನೋಡಿದ. ಹೊಳೆನರಸೀಪುರದ ಕೋವಿಯೊಳಗೆ ಚುಕ್ಕೆಗಳಿದ್ದವು. ಮಾರುವವರು ಅದನ್ನು ಮದ್ದಿನ ಮಸಿ ಎಂದಿದ್ದರು, ಅಪ್ಪ ನಂಬಿದ್ದ. 700 ರೂಪಾಯಿ ಉಳಿತಾಯ ಎಂದು ಲೆಕ್ಕವನ್ನೂ ಹಾಕಿಟ್ಟಿದ್ದ. ಮಾವನಿಗೆ ಬೇಡ ಎಂದು ಅವತ್ತೇ ಮೈಸೂರಿನಿಂದ ಕಾರ್ಡು ಹಾಕಿದೆವು. ವ್ಯಾಪಾರದಲ್ಲಿ ನಮಗೆ ಸಿಕ್ಕ ಅತಿ ದೊಡ್ಡ ರಿಯಾಯಿತಿ ಯಾವುದು ಎಂದು ಕೇಳಿದರೆ ಆ ಮುದುಕರ ಆ ಅರ್ಧ ಗಂಟೆ ಎಂದೇ ಹೇಳುತ್ತೇನೆ. ಅವರಿಂದ ನಾವು ಏನನ್ನೂ ಕೊಳ್ಳಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಈಗಲೂ ಚುಚ್ಚುತ್ತದೆ.

ಕೊಳ್ಳದೆ ಬರಲು ಕಾರಣವಿತ್ತು. ಕೋವಿ ಕೊಂಡರೆ ಅಲ್ಲಿಗೆ ಮುಗಿಯುವುದಿಲ್ಲ. ತೋಟಾ ಬೇಕು, ಕೀಲು ಸಡಿಲಾದರೆ ರಿಪೇರಿ ಬೇಕು. ಲೈಸೆನ್ಸ್ ನವೀಕರಣಕ್ಕೆ ಹೇಗೂ ಹಾಸನಕ್ಕೆ ಓಡಾಡಬೇಕು. ಪ್ರತಿ ಸಲ ಮೈಸೂರಿಗೆ ಹೋಗಿಬರುವುದಾದರೆ ಉಳಿಸಿದ 250 ರೂಪಾಯಿ ಎರಡು ವರ್ಷದ ಬಸ್ ಚಾರ್ಜಿಗೆ ಸಮ. ಅಪ್ಪನಿಗೆ ಬೇಕಾಗಿದ್ದದ್ದು ಹಾಸನದ ಅಂಗಡಿಯಲ್ಲಿ ಮೈಸೂರಿನ ರೇಟು.

ಹಾಸನಾಂಬೆ ಗುಡಿ ವರ್ಷಕ್ಕೊಂದು ಸಲ ಆಶ್ವೀಜದ ಕೊನೆಗೆ ಬಾಗಿಲು ತೆರೆದು ಬಲಿಪಾಡ್ಯಮಿಗೆ ಮುಚ್ಚುತ್ತದೆ. ಆ ದಿನಗಳಲ್ಲಿ ಇಡೀ ಜಿಲ್ಲೆ ಹಾಸನದಲ್ಲಿರುತ್ತದೆ, ಬಟ್ಟೆ ಅಂಗಡಿಯಿಂದ ಪಾತ್ರೆ ಅಂಗಡಿಯವರೆಗೂ ದೀಪಾವಳಿ ರಿಯಾಯಿತಿಯ ಬೋರ್ಡು. ದರ್ಶನಕ್ಕೆ ಎಂದು ನಾವು ಮೂವರು ಹೋದೆವು. ಅವ್ವ ಗುಡಿಯ ಸಾಲಿನಲ್ಲಿ ನಿಂತಳು. ಅಪ್ಪ ನನ್ನನ್ನು ಕರೆದುಕೊಂಡು ಕೋವಿ ಅಂಗಡಿಗೆ ಹೋದ. ಸೆಪ್ಟೆಂಬರಿನಲ್ಲಿ ಆಚೆ ನಿಲ್ಲಲು ಹೇಳಿದ್ದ ಅದೇ ಅಂಗಡಿ. ಅಲ್ಲೂ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ್ದರು: ಹಬ್ಬದ ಪ್ರಯುಕ್ತ ಶೇ. 5 ರಿಯಾಯಿತಿ.

ಈ ಸಲ ಅಪ್ಪ ಬೆಲೆ ಕೇಳಲೇ ಇಲ್ಲ. ಜೇಬಿನಿಂದ ಮೈಸೂರಿನ ಕಾಗದ ತೆಗೆದು ಬಿಚ್ಚಿ, ನಾಲ್ಕೂ ಮೂಲೆ ಬೆರಳಲ್ಲಿ ಒತ್ತಿ ಸರಿಮಾಡಿ, ಗಾಜಿನ ಮೇಲೆ ಇಟ್ಟ. ಅಂಗಡಿಯ ಯಜಮಾನರೇ ಇದ್ದರು ಅವತ್ತು. ಓದಿದರು, ಮೊಹರು ನೋಡಿದರು. ಈ ರೇಟಿಗೆ ನಮಗೆ ಗಿಟ್ಟುವುದಿಲ್ಲ ಎಂದರು. ಸರ್ಕಾರಿ ಕಾರ್ಖಾನೆಯ ಕೋವಿಗೆ ಕಟ್ಟಿಟ್ಟ ಬೆಲೆ, ಅದರಲ್ಲಿ ಏನೂ ಮಾಡಲಾಗದು. ಇದು ಖಾಸಗಿ ತಯಾರಿಕೆ, ಆದರೂ ಇಷ್ಟು ಕಡಿಮೆಗೆ ಹೇಗೆ ಕೊಟ್ಟರೋ. ಅಪ್ಪ ಏನೂ ಹೇಳಲಿಲ್ಲ. ಸುಮ್ಮನೆ ನಿಂತ. ಜಾತ್ರೆಯಲ್ಲಿ ಬೆರಳು ಹಿಡಿದು ನಿಂತಾಗ ಇರುತ್ತಿದ್ದ ಮುಖ ಅದು, ನಾನು ಗುರುತಿಸಿದೆ.

ಸ್ವಲ್ಪ ಹೊತ್ತಾದ ಮೇಲೆ, "ಆಯ್ತು, ಅದೇ ರೇಟಿಗೆ ತಗೊಂಡು ಹೋಗಿ, 2,100" ಎಂದರು ಯಜಮಾನರು.

ಆಗ ಅಪ್ಪ ಬಾಗಿಲ ಕಡೆ ತಿರುಗಿ ರಟ್ಟು ತೋರಿಸಿದ. "ಅದೂ ಇದೆಯಲ್ಲ ಸ್ವಾಮಿ."

ಎರಡರಲ್ಲಿ ಒಂದು ಎಂದರು ಅವರು. ನಮ್ಮ ಬೆಲೆಗೆ ನಮ್ಮ ರಿಯಾಯಿತಿ, ಇಲ್ಲವೇ ಅವರ ಬೆಲೆ. ನ್ಯಾಯವಾದ ಮಾತೇ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 2,350ಕ್ಕೆ ಶೇ. 5 ಬಿಟ್ಟರೆ 2,232 ರೂಪಾಯಿ 50 ಪೈಸೆ, ಮೈಸೂರಿನ ರೇಟೇ ಮೇಲು. ಅಪ್ಪನ ಲೆಕ್ಕ ಬೇರೆ ಇತ್ತು. ಮೊದಲು ರೇಟು ಸರಿಸಮ ಮಾಡಿ, ಆಮೇಲೆ ಹಬ್ಬದ ರಿಯಾಯಿತಿ ಕೊಡಿ. ಬದಲಿಗೆ ನಮ್ಮ ಹೋಬಳಿಯಲ್ಲಿ ಈ ವರ್ಷ ಲೈಸೆನ್ಸ್ ಆದ ಇನ್ನೂ ಇಬ್ಬರನ್ನು ಈ ವಾರವೇ ಇಲ್ಲಿಗೆ ಕಳಿಸುತ್ತೇನೆ, ಅವರಿಗೂ ಇದೇ ರೇಟು ಕೊಡಬೇಕು. ತೋಟಾ ಎಂದೆಂದಿಗೂ ನಿಮ್ಮಲ್ಲೇ. ಇಷ್ಟನ್ನೂ ಅವನು ದನಿ ಏರಿಸದೆ ಹೇಳಿದ. ಹೇಳುವಾಗ ಲೈಸೆನ್ಸ್ ಪುಸ್ತಕ ಅವನ ಎಡಗೈಯಲ್ಲಿ ತೆರೆದೇ ಇತ್ತು, ಯಜಮಾನರಿಗೆ ಕಾಣುವ ಹಾಗೆ. ಹೆಬ್ಬೆರಳು ಮಾತ್ರ ಒಂದು ಸಾಲಿನ ಮೇಲೆ ಒತ್ತಿಕೊಂಡಿತ್ತು. ಡಿಸೆಂಬರ್ ಕೊನೆಯ ತೇದಿ ಇದ್ದ ಸಾಲು. ಇವನಿಗೆ ಹೆಚ್ಚು ದಿನವಿಲ್ಲ ಎಂದು ಎದುರಿನವರಿಗೆ ಗೊತ್ತಾದರೆ ಕಾಗದಕ್ಕೆ ಬೆಲೆ ಇರುವುದಿಲ್ಲ.

ಆ ಹೆಬ್ಬೆರಳನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಟವೆಲ್ಲಿನ ವ್ಯಾಪಾರದಲ್ಲಿ ಬೆಲೆಯನ್ನು ಮುಚ್ಚಬೇಕು. ಇಲ್ಲಿ ಬೆಲೆಯನ್ನು ಬಿಚ್ಚಿ ಗಾಜಿನ ಮೇಲೆ ಹರಡಿದ್ದ, ಮೂರನೆಯವನೊಬ್ಬ ಹೇಳಿದ ಬೆಲೆಯನ್ನೇ ಸಾಕ್ಷಿಗೆ ಕರೆದಿದ್ದ. ಹುಟ್ಟಿದಾರಭ್ಯ ಕಲಿತದ್ದರ ತಿರುಗುಮುರುಗು. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಆದರೂ ಮುಚ್ಚಬೇಕಾದ್ದು ಒಂದಿದ್ದೇ ಇರುತ್ತದೆ ಎನ್ನುವುದು ಅವನ ಕೈಗೆ ಗೊತ್ತಿತ್ತು.

1,995 ರೂಪಾಯಿ. ಯಜಮಾನರು ಬಿಲ್ ಪುಸ್ತಕ ತೆಗೆದು ಅಂಕಿ ಬರೆದ ಮೇಲೆ ಅಪ್ಪ ಲೈಸೆನ್ಸನ್ನು ಅವರ ಕೈಗೆ ಕೊಟ್ಟ. ಅವರು ತೇದಿ ನೋಡಿದರು, ಅಪ್ಪನ ಮುಖ ನೋಡಿದರು. ಏನೂ ಅನ್ನಲಿಲ್ಲ. ನನಗೆ ಕೂರಲು ಒಂದು ಸ್ಟೂಲು ಹಾಕಿಸಿದರು.

ಮಾಲನ್ನು ಬಿಲ್ ಇಲ್ಲದೆ ಕೊಟ್ಟು ಬೆಲೆ ಇಳಿಸುವುದು ಬೇರೆ ಅಂಗಡಿಗಳಲ್ಲಿ ನಡೆಯುತ್ತದೆ. ಕೋವಿಯಲ್ಲಿ ಅದಾಗದು. ನಳಿಗೆಯ ಮೇಲೆ ಕೆತ್ತಿದ ನಂಬರು ಅಂಗಡಿಯ ಸ್ಟಾಕ್ ಪುಸ್ತಕಕ್ಕೆ, ಬಿಲ್ಲಿಗೆ, ಲೈಸೆನ್ಸಿಗೆ ಹೋಗಬೇಕು. ಮೂರೂ ಕಡೆ ಒಂದೇ ಇರಬೇಕು. ಕೊಂಡ ತೋಟಾಗಳ ಲೆಕ್ಕವೂ ಲೈಸೆನ್ಸಿನಲ್ಲಿ. ಅವತ್ತು ಕೊಂಡದ್ದು ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ, ಹತ್ತು. ನಂಬರನ್ನು ಒಬ್ಬರು ಓದಿ ಹೇಳಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು, ಆಮೇಲೆ ಬರೆದವರು ಓದಿದರು, ಓದಿದವರು ನಳಿಗೆಯ ಮೇಲೆ ಬೆರಳಿಟ್ಟು ನೋಡಿದರು. ತನ್ನ ಹೆಸರಿನ ಮುಂದೆ ಒಂದು ಅಂಕಿಯನ್ನು ಜನ ಇಷ್ಟು ಜೋಪಾನವಾಗಿ ಬರೆಯುವುದನ್ನು ಅಪ್ಪ ಅಲ್ಲಿಯವರೆಗೆ ಕಂಡಿರಲಿಲ್ಲ. ಆಲೂಗಡ್ಡೆ ಮಂಡಿಯಲ್ಲಿ ತೂಕದ ಚೀಟಿಯನ್ನು ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಟ್ಟದ್ದನ್ನು ಕಂಡಿದ್ದ.

ಅವ್ವ ಗುಡಿಯಿಂದ ಕುಂಕುಮ ತಂದಿದ್ದಳು. ಬಸ್ ಸ್ಟ್ಯಾಂಡಿನಲ್ಲೇ ಚೀಲದ ಹೊರಗಿನಿಂದ ಕೋವಿಗೆ ಇಟ್ಟಳು.

ಮನೆಯಲ್ಲಿ ಏರ್ಪಾಡು ಹೀಗಾಯಿತು. ಕೋವಿ ಅಪ್ಪನ ಕೋಣೆಯಲ್ಲಿ, ತೋಟಾ ಅವ್ವನ ಕಬ್ಬಿಣದ ಪೆಟ್ಟಿಗೆಯಲ್ಲಿ, ಬೀಗದಕೈ ಅವಳ ಸೊಂಟದಲ್ಲಿ. ರಾತ್ರಿ ಹೊಲಕ್ಕೆ ಹೊರಟರೆ ಅವಳು ಎಣಿಸಿ ಕೊಡುತ್ತಿದ್ದಳು, ಎರಡೇ. ಬೆಳಗ್ಗೆ ಬಂದ ಮೇಲೆ ಉಳಿದದ್ದನ್ನು, ಇಲ್ಲವೇ ಖಾಲಿ ಕೊಳವೆಯನ್ನು ಎಣಿಸಿ ತೆಗೆದುಕೊಳ್ಳುತ್ತಿದ್ದಳು. ಅಪ್ಪ ಒಂದು ದಿನವೂ ಬೇಸರ ಮಾಡಿಕೊಂಡು ಕೊಟ್ಟವನಲ್ಲ.

ಅಪ್ಪ ಹಂದಿಗೆ ಗುರಿಯಿಟ್ಟು ಹೊಡೆದದ್ದು ನನಗೆ ತಿಳಿದಂತೆ ಇಲ್ಲ. ಅನುಮತಿ ಇಲ್ಲದೆ ಹೊಡೆಯುವ ಹಾಗೂ ಇರಲಿಲ್ಲ. 1991ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಶಿಕಾರಿ ಎನ್ನುವುದೇ ನಿಂತಿತು. ಗಾಳಿಗೆ ಒಂದು ಈಡು ಹಾರಿಸುತ್ತಿದ್ದ. ಒಮ್ಮೆ ನಾನೂ ಅಟ್ಟಣೆಯಲ್ಲಿದ್ದೆ. ಸದ್ದಿಗಿಂತ ಹೆಚ್ಚಾಗಿ ನೆನಪಿರುವುದು ಸದ್ದಾದ ಮೇಲಿನದು. ಜೀರುಂಡೆಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು, ಸುಟ್ಟ ಮದ್ದಿನ ವಾಸನೆ ಮಂಜಿನಲ್ಲಿ ಇಳಿಯದೆ ಮೂಗಿನ ಮುಂದೆಯೇ ನಿಂತಿತು, ದೂರದಲ್ಲಿ ಕಬ್ಬಿನ ಗದ್ದೆ ಸೀಳಿಕೊಂಡು ಏನೋ ಓಡುತ್ತಿತ್ತು. ಆಮೇಲೆ ಒಂದೊಂದೇ ಜೀರುಂಡೆ ಶುರುಮಾಡಿತು. ಆ ಸಲದ ಆಲೂಗಡ್ಡೆ ಪೂರ್ತಿ ಕೈಗೆ ಬಂತು.

ಎಲ್ಲ ವರ್ಷವೂ ಹಾಗಾಗಲಿಲ್ಲ. ಚುನಾವಣೆ ಬಂದರೆ ಕೋವಿ ಠಾಣೆಗೆ. 1994ರ ವಿಧಾನಸಭೆ ಚುನಾವಣೆ ನಡೆದದ್ದು ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ. ಭತ್ತ ಹಾಲು ತುಂಬಿ ಬಲಿತು ನಿಂತ ಕಾಲ. 1999ರದ್ದು ಸೆಪ್ಟೆಂಬರಿನಲ್ಲಿ. ಆಗ ರಾಗಿ ಹೊಲದಲ್ಲಿತ್ತು. ಎರಡು ಸಲವೂ ಅಪ್ಪ ರಸೀದಿ ಜೇಬಿನಲ್ಲಿಟ್ಟುಕೊಂಡು ತಮಟೆ ಹಿಡಿದು ಅಟ್ಟಣೆ ಹತ್ತಿದ. ಮುಂದೆ ಆಲೂರು, ಸಕಲೇಶಪುರದ ಕಡೆಯಿಂದ ಆನೆಗಳು ನಮ್ಮ ತಾಲ್ಲೂಕಿಗೂ ಇಳಿಯತೊಡಗಿದ ಮೇಲೆ ಒಂಟಿ ನಳಿಗೆ ಯಾವ ಮೂಲೆಗೂ ಸಾಲದಾಯಿತು. 2014ರಲ್ಲಿ ಆಲೂರು, ಸಕಲೇಶಪುರದ ಸುತ್ತ 22 ಆನೆಗಳನ್ನು ಹಿಡಿದು ಸಾಗಿಸಿದರು. ಅಪ್ಪ ಅದನ್ನು ನೋಡಲು ಇರಲಿಲ್ಲ.

ಚಿಕ್ಕಪ್ಪನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಒಮ್ಮೆ ಫೋನಿನಲ್ಲಿ ಈ ಕಥೆ ಹೇಳಿದಾಗ, ಅಲ್ಲಿ ದೊಡ್ಡ ದೊಡ್ಡ ಮಳಿಗೆಗಳಲ್ಲಿ ಮೀನಿನ ಗಾಳ, ಟೆಂಟುಗಳ ಪಕ್ಕದಲ್ಲೇ ಕೋವಿ ಮಾರುತ್ತಾರೆ ಎಂದ. ಬೇರೆ ಅಂಗಡಿಯ ಜಾಹೀರಾತು ತೋರಿಸಿದರೆ ಅದೇ ಬೆಲೆಗೆ ಕೊಡುವವರಿದ್ದಾರೆ. ಅವರ ನವೆಂಬರಿನ ಹಬ್ಬದ ಮಾರನೆಯ ಶುಕ್ರವಾರ ಭಾರಿ ರಿಯಾಯಿತಿ. ಅವನ ಜೊತೆ ಕೆಲಸ ಮಾಡುವವನೊಬ್ಬ ಮೊಬೈಲಿನಲ್ಲೇ ನಾಲ್ಕು ಅಂಗಡಿಯ ಬೆಲೆ ನೋಡಿ ಕೊಂಡನಂತೆ. ಅಪ್ಪ ಎರಡು ತಿಂಗಳು ಕಾರ್ಡು ಬರೆಸಿ ಮಾಡಿದ ಕೆಲಸ. ನಾನು ಕೇಳಿದ್ದು ಒಂದೇ, ಲೈಸೆನ್ಸಿಗೆ ಎಷ್ಟು ದಿನ ಎಂದು. ಅವನ ರಾಜ್ಯದಲ್ಲಿ ಕೊಳ್ಳಲು ಲೈಸೆನ್ಸ್ ಬೇಡ. 1998ರ ನವೆಂಬರಿನಿಂದ ಅಂಗಡಿಯವರು ಕೊಳ್ಳುವವನ ಹಿನ್ನೆಲೆಯನ್ನು ಕೇಂದ್ರದ ಪಟ್ಟಿಯಲ್ಲಿ ಅಲ್ಲಿಂದಲೇ ತಾಳೆ ನೋಡುತ್ತಾರೆ, ಹೆಚ್ಚಿನವರಿಗೆ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಫೋನಿಟ್ಟ ಮೇಲೆ ಬಹಳ ಹೊತ್ತು ಕೂತಿದ್ದೆ. ಕೋವಿ ಕಡಿಮೆ ಬೆಲೆಗೆ ಸಿಗುವುದರಲ್ಲಿ ನನಗೆ ತಕರಾರಿಲ್ಲ, ನಾನೇ ಅದಕ್ಕೆ ಕಾಗದ ಬರೆದವಳು. ಬೇಗ ಸಿಗುವುದನ್ನು ನೆನೆದರೆ ಭಯವಾಗುತ್ತದೆ. ಆ ಎರಡು ವರ್ಷ, ಸರಪಳಿ, ಮೈಸೂರಿನ ಮುದುಕರು ನನ್ನ ಕಣ್ಣಿಗೂ ತೋರಿಸಿದ ಖಾಲಿ ನಳಿಗೆ, ಅವ್ವನ ಸೊಂಟದ ಬೀಗದಕೈ, ಇವೆಲ್ಲ ಇಲ್ಲದೆ ಆ ವಸ್ತು ಒಂದು ಮನೆಯೊಳಗೆ ಬರಬಾರದು ಎಂದೇ ನನ್ನ ನಂಬಿಕೆ.

ಅಪ್ಪ ತೀರಿಕೊಂಡದ್ದು 2012ರಲ್ಲಿ. ಲೈಸೆನ್ಸ್ ಇದ್ದವನು ಹೋದ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಠಾಣೆಗೋ ಅಂಗಡಿಗೋ ಒಪ್ಪಿಸಬೇಕು. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನಾನೇ ಠಾಣೆಗೆ ಕೊಟ್ಟು ಬಂದೆ. ಲೈಸೆನ್ಸ್ ಪುಸ್ತಕದ ನಡುವೆ ಮೈಸೂರಿನ ಕಾಗದ ಮಡಿಕೆ ಮಡಿಕೆಯಾಗಿ ಹಾಗೇ ಇತ್ತು. ಮಡಿಕೆಯ ಗೆರೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ನೇರಳೆ ಮೊಹರು ಕಂದಿತ್ತು, 2,100 ಎನ್ನುವುದು ಓದಲು ಬರುತ್ತಿತ್ತು.

ಹೆಣ್ಣುಮಕ್ಕಳಲ್ಲಿ ಯಾರಿಗೂ ಕೋವಿ ಬೇಕಿರಲಿಲ್ಲ. ಲೈಸೆನ್ಸ್ ಇರುವವರಿಗೆ ಮಾರಬಹುದು, ಅದಕ್ಕೆ ಅರ್ಜಿ ಕೊಡಬೇಕು. ಪಕ್ಕದ ಹಳ್ಳಿಯ ರೈತರೊಬ್ಬರು ಕೇಳಿಕೊಂಡು ಬಂದರು. ವಯಸ್ಸಾದವರು, ಅಪ್ಪನ ಜೊತೆ ಜಾತ್ರೆ ಸುತ್ತಿದವರು. ಅಂಗಡಿಯಲ್ಲಿ ಹಳೇ ಒಂಟಿ ನಳಿಗೆಗೆ ಎಷ್ಟು ಹೇಳುತ್ತಾರೆ ಎಂದು ವಿಚಾರಿಸಿಕೊಂಡೇ ಬಂದಿದ್ದರು. ಕಾಫಿ ಕುಡಿದರು, ಮಳೆಯ ಮಾತಾಯಿತು, ಆನೆಯ ಮಾತಾಯಿತು. ಆಮೇಲೆ ಅಭ್ಯಾಸಬಲದಿಂದ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹಾಕಿಕೊಂಡರು. ಹಾಕಿಕೊಂಡ ಮೇಲೆ, ಕೈ ಕೊಡುವವರು ಆ ಮನೆಯಲ್ಲಿ ಯಾರೂ ಇಲ್ಲ ಎಂದು ನೆನಪಾಯಿತೋ ಏನೋ, ಹಾಗೇ ಕೂತುಬಿಟ್ಟರು. ನಾನು ಕೈ ಚಾಚಿದ್ದರೂ ಪ್ರಯೋಜನವಿರಲಿಲ್ಲ, ನನಗೆ ಬರುವುದಿಲ್ಲ.

ಕಂಬಕ್ಕೆ ಒರಗಿ ಕೂತಿದ್ದ ಅವ್ವ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಸರಿದು ಟವೆಲ್ಲಿನ ಕೆಳಗೆ ಕೈ ಹಾಕಿದಳು.

ಅವರು ಮೊದಲು ಗಾಬರಿಯಾದರು. ಆಮೇಲೆ ಅವರ ಮುಖ ಗಂಭೀರವಾಯಿತು. ಟವೆಲ್ ಅಲುಗಾಡಿತು, ನಿಂತಿತು, ಮತ್ತೆ ಅಲುಗಾಡಿತು. ಅವ್ವನ ಕಣ್ಣು ಅಂಗಳದ ಕಡೆಗಿತ್ತು. ಒಂದು ಸಲ ಅವರು ಇಲ್ಲ ಎನ್ನುವಂತೆ ತಲೆ ಆಡಿಸಿದರು, ಅವ್ವ ಕೈ ತೆಗೆಯಲಿಲ್ಲ. ಕೊನೆಗೆ ಅವರು ಕೈ ಹೊರಗೆ ತೆಗೆದು "ಆಗಲಿ ತಾಯಿ" ಎಂದರು.

ಅವ್ವ ಟವೆಲ್ ಕೊಡವಿ, ನಾಲ್ಕು ಮಡಿಕೆ ಮಾಡಿ ಅವರ ಕೈಗೆ ಕೊಟ್ಟಳು. ನನ್ನ ಕಡೆ ತಿರುಗಿ, "ಅರ್ಜಿ ಬರಿಯವ್ವ" ಅಂದಳು.